ನನ್ನ ಹೋಟೆಲಿಗೆ ಮಾಟ ಮಾಡಿಸಿದವರು ಯಾರು

ನಾನು ಹೆದರುಪುಕ್ಕಲನಲ್ಲ. ಎಸ್ಸೆಸ್ಸೆಲ್ಸಿ ಪಾಸಾದವನು. ದೆವ್ವ, ಮಾಟ, ಮಂತ್ರ ಎಲ್ಲ ಬರೀ ಭ್ರಮೆ ಎಂದು ನಮ್ಮ ಹೋಟೆಲಿನ ಗಿರಾಕಿಗಳಿಗೆ ಎಷ್ಟೋ ಸಲ ಉಪನ್ಯಾಸ ಕೊಟ್ಟಿದ್ದೇನೆ. ಅವರು ಉಣ್ಣುತ್ತಿರುವಾಗಲೇ ಕೊಟ್ಟಿದ್ದೇನೆ. ಅಂಥ ನಾನು ಹೋದ ವರ್ಷ ಒಂದು ನಿಂಬೆಹಣ್ಣು ಕಂಡು ನನ್ನದೇ ಹೋಟೆಲಿನ ಹಿಂಬಾಗಿಲಿನಿಂದ ಓಡಿದೆ. ಓಡುವಾಗ ಒಂದು ಕಾಲಿನ ಚಪ್ಪಲಿ ಒಳಗೇ ಉಳಿಯಿತು. ಅದನ್ನು ತರಲು ಹೆಂಡತಿಯನ್ನು ಕಳಿಸಿದೆ. ಇಷ್ಟು ಒಪ್ಪಿಕೊಂಡ ಮೇಲೆ ಉಳಿದದ್ದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಭಾರತೀನಗರದಿಂದ, ಹಳಬರ ಬಾಯಲ್ಲಿ ದೊಡ್ಡಿಯಿಂದ, ಮಳವಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಮುದ್ದೆ ಹೋಟೆಲು. ಮುದ್ದೆ, ನಾಟಿ ಕೋಳಿ ಸಾರು, ಬೋಟಿ ಗೊಜ್ಜು, ತಲೆಮಾಂಸ. ಹಿಂದುಗಡೆಯೇ ಮನೆ, ಅಲ್ಲಿ ನಾವಿಬ್ಬರು ಮತ್ತು ಮೊಮ್ಮಗಳು. ಅಡುಗೆ ನನ್ನ ಹೆಂಡತಿ ಜಯಮ್ಮನದು, ಬಡಿಸುವುದು ರಾಜಣ್ಣ, ಗಲ್ಲಾದಲ್ಲಿ ಕೂರುವುದು ನಾನು. ಸಾರಿನ ರುಚಿಯ ಬಗ್ಗೆ ನಾನು ಹೇಳಬಾರದು. ಘಮಲು ಬಸ್ ಸ್ಟ್ಯಾಂಡಿನ ತನಕ ಹೋಗುತ್ತಿತ್ತು, ಅಷ್ಟೇ.

ಮಾಲೀಕನಾದವನು ಗಲ್ಲಾದಲ್ಲಿ ಸುಮ್ಮನೆ ಕೂತರೆ ಸಾಲದು, ಅವನ ಕಣ್ಣು ಸದಾ ಎಲೆಯ ಮೇಲಿರಬೇಕು ಎಂಬುದು ನಾನು ನನಗಾಗಿ ಮಾಡಿಕೊಂಡಿದ್ದ ಕಾನೂನು. ಅದನ್ನು ಅತ್ಯಂತ ನಿಷ್ಠೆಯಿಂದ ಪಾಲಿಸಿದೆ. ಗಿರಾಕಿ ಮುದ್ದೆ ಮುರಿಯುವುದನ್ನು ನೋಡುತ್ತಿದ್ದೆ, ಸಾರಿಗೆ ಅದ್ದುವುದನ್ನು ನೋಡುತ್ತಿದ್ದೆ, ಅದು ಗಂಟಲಲ್ಲಿ ಇಳಿಯುವುದನ್ನೂ ನೋಡುತ್ತಿದ್ದೆ. ಇಳಿಯುವ ಮೊದಲೇ, ಉಪ್ಪು ಸರಿಯಾಗಿದೆಯೇ ಎಂದು ವಿಚಾರಿಸುತ್ತಿದ್ದೆ. ಇದನ್ನು ನಾನು ಪ್ರೀತಿ ಎಂದು ತಿಳಿದಿದ್ದೆ. ಪೂರ್ತಿ ಪ್ರೀತಿಯೇನಲ್ಲ. ರಾಜಣ್ಣನ ಸೌಟು ಪಾತ್ರೆಯ ತಳಕ್ಕೆ ಇಳಿಯಿತೇ, ಅವನಿಗೆ ಬೇಕಾದವರ ಎಲೆಗೆ ಒಂದು ಪೀಸು ಹೆಚ್ಚಿಗೆ ಬಿತ್ತೇ ಎಂಬ ಕಳವಳವೂ ಅದರೊಳಗೆ ಇತ್ತು. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮೊದಲು ಕಂಡದ್ದು ಸಣ್ಣ ವಿಷಯ. ಗಿರಾಕಿಗಳು ಉಣ್ಣುವುದಕ್ಕೆ ಮುಂಚೆ ಮುದ್ದೆಯ ಒಂದು ಚೂರನ್ನು ಕಿತ್ತು ಎಲೆಯ ಆಚೆಗೆ ಇಡತೊಡಗಿದರು. ಹಿಂದೆ ಒಬ್ಬರೋ ಇಬ್ಬರೋ ಇಡುತ್ತಿದ್ದರು, ಈಗ ಎಲ್ಲರೂ. ಇರುವೆಗಳ ಮೇಲೆ ಜನರಿಗೆ ದಯೆ ಹೆಚ್ಚಾಗಿದೆ ಎಂದುಕೊಂಡೆ. ಆಮೇಲೆ ಕೆಲವರು ಗೋಡೆಯ ಕಡೆ ಮುಖ ಮಾಡಿ ಕೂತರು. ಮದ್ದೂರಿನ ಮಾರುಕಟ್ಟೆಯಿಂದ ಎಳನೀರು ಸಾಗಿಸುವ ಟೆಂಪೋ ಪುಟ್ಟಸ್ವಾಮಿ, ನಮ್ಮ ಹಳೇ ಗಿರಾಕಿ, ಒಂದು ದಿನ ಚಿಟಿಕೆ ಉಪ್ಪು ತೆಗೆದು ತಲೆಯ ಸುತ್ತ ಮೂರು ಸಲ ಇಳಿಸಿ ಮೇಜಿನ ಕೆಳಗೆ ಎಸೆದ. ಆಮೇಲೆ ಅವನು ಬರಲೇ ಇಲ್ಲ. ಅವನ ಹಿಂದೆ ಇನ್ನೂ ಹಲವರು ಬರುವುದನ್ನು ಬಿಟ್ಟರು. ಮಧ್ಯಾಹ್ನ ಜಾಗ ಸಿಗದೆ ಜನ ಬಾಗಿಲಲ್ಲಿ ನಿಲ್ಲುತ್ತಿದ್ದ ಹೋಟೆಲಿನಲ್ಲಿ ಅರ್ಧ ಬೆಂಚು ಖಾಲಿ. ಹೀಗೇ ಆದರೆ ಯುಗಾದಿಯೊಳಗೆ ಬಾಗಿಲು ಹಾಕಬೇಕಾಗುತ್ತದೆ ಎಂಬ ಭಯ ನನ್ನನ್ನು ಹಿಡಿಯಿತು. ಈ ವಯಸ್ಸಿನಲ್ಲಿ ಹೋಟೆಲು ಬಿಟ್ಟರೆ ನನಗೆ ಬರುವ ಕೆಲಸ ಯಾವುದು? ಯಾವುದೂ ಇಲ್ಲ!

ಹೀಗಿರುವಾಗ ಒಂದು ಮಂಗಳವಾರ ಬೆಳಗ್ಗೆ ಮುಂಬಾಗಿಲು ತೆಗೆದೆ. ಹೊಸ್ತಿಲ ಮೇಲೆ ಎರಡು ಹೋಳು ಮಾಡಿದ ನಿಂಬೆಹಣ್ಣು. ಹೋಳುಗಳಿಗೆ ಕುಂಕುಮ. ಪಕ್ಕದಲ್ಲಿ ಒಣಮೆಣಸಿನಕಾಯಿ, ಉಪ್ಪು.

ಓಡಿದ ವಿಷಯ ಆಗಲೇ ಹೇಳಿದ್ದೇನೆ.

ಹಿತ್ತಿಲಲ್ಲಿ ಕೋಳಿ ತೊಳೆಯುತ್ತಿದ್ದ ಜಯಮ್ಮ ನನ್ನ ಕಥೆಯನ್ನು ಕೇಳಿ ಕೈ ಒರೆಸಿಕೊಂಡು ಎದ್ದಳು. ಯಾವುದೋ ಮಕ್ಕಳು ಆಟಕ್ಕೆ ಇಟ್ಟಿರಬೇಕು ಎಂದು ಹೇಳಿ, ಹೋಗಿ ಎಲ್ಲ ಗುಡಿಸಿ ಬಂದಳು. ಚಪ್ಪಲಿಯನ್ನೂ ತಂದಳು. ಬಂದವಳು ಒಂದು ಮಾತು ಹೇಳಿದಳು.

“ಇವತ್ತು ಗಲ್ಲಾದಲ್ಲಿ ಕುಂತ್ಕಂಡು ಪೇಪರ್ ಓದಿ. ಗಿರಾಕಿ ಕಡೆ ಜಾಸ್ತಿ ನೋಡಬ್ಯಾಡಿ.”

ಹೋಟೆಲಿಗೆ ಮಾಟ ಮಾಡಿಸಿದ್ದಾರೆ, ಇವಳು ಪೇಪರ್ ಓದು ಎನ್ನುತ್ತಾಳೆ! ಹೆಂಗಸರಿಗೆ ವ್ಯವಹಾರದ ಗಾಂಭೀರ್ಯ ತಿಳಿಯುವುದಿಲ್ಲ ಎಂದು ಮನಸ್ಸಿನಲ್ಲೇ ಕನಿಕರಪಟ್ಟೆ. ಮಾಡಿಸಿದವನು ಯಾರೆಂದು ನನಗೆ ಆಗಲೇ ಹೊಳೆದಿತ್ತು. ಹಲಗೂರಿನ ಬಸ್ ನಿಲ್ದಾಣದ ಹತ್ತಿರ ಹೊಸದಾಗಿ ಒಂದು ಮುದ್ದೆ ಹೋಟೆಲು ಆಗಿತ್ತು. ನಮ್ಮ ಗಿರಾಕಿಗಳೇ ಅದನ್ನು ಹೊಗಳಿದ್ದು ಕಿವಿಗೆ ಬಿದ್ದಿತ್ತು. ಇನ್ನೇನು ಸಾಕ್ಷಿ ಬೇಕು?

ಮಳವಳ್ಳಿಯ ಆಚೆಗಿನ ಒಂದು ಹಳ್ಳಿಯಲ್ಲಿ ಇಂಥದ್ದನ್ನು ನೋಡುವ ಪೂಜಾರಪ್ಪ ಇದ್ದಾನೆಂದು ಕೇಳಿ, ಜಯಮ್ಮನಿಗೆ ಬ್ಯಾಂಕಿನ ಕೆಲಸವಿದೆ ಎಂದು ಸುಳ್ಳು ಹೇಳಿ ಹೋದೆ. ಅವನು ಕವಡೆ ಬಿಟ್ಟ, ಕಣ್ಣು ಮುಚ್ಚಿದ, ಬಹಳ ಹೊತ್ತು ತೆರೆಯಲಿಲ್ಲ. ನಿದ್ದೆ ಹೋದನೇನೋ ಎಂದು ಕೆಮ್ಮಿದೆ.

“ಮಾಡ್ಸಿರೋನು ದೂರದಲ್ಲಿಲ್ಲ. ನಿನ್ನ ಓಟ್ಲಲ್ಲೇ ಉಣ್ತಾವ್ನೆ,” ಅಂದ. “ಉಣ್ಣುವಾಗ ಅವನ ಕೈ ನಡುಗ್ತದೆ. ಕಣ್ಣ ರೆಪ್ಪೆ ಬಡೀದಂಗೆ ನೋಡ್ತಾ ಕುಂತ್ಕೊ. ಸಿಕ್ಕೇ ಸಿಕ್ತಾನೆ.”

ಇದಕ್ಕಿಂತ ನನಗೊಪ್ಪುವ ಕೆಲಸ ಯಾವುದಿದ್ದೀತು! ಮಾರನೆಯ ದಿನವೇ ಗಲ್ಲಾದ ಹಿಂದೆ ಒಂದು ಬೂದುಗುಂಬಳಕಾಯಿ ಕಟ್ಟಿದೆ. ಅದರ ಪಕ್ಕ ಕೋರೆಹಲ್ಲಿನ ರಾಕ್ಷಸನ ಮುಖವೊಂದನ್ನು ತೂಗುಹಾಕಿದೆ. ಸರಿಯಾಗಿ ಅದರ ಕೆಳಗೆ ನನ್ನ ಮುಖ. ರೆಪ್ಪೆ ಬಡಿಯದೆ ನೋಡಲು ಶುರುಮಾಡಿದೆ.

ಮೊದಲು ಬಂದವನು ಸಕ್ಕರೆ ಕಾರ್ಖಾನೆಗೆ ಕಬ್ಬು ತಂದಿದ್ದ ರೈತ. ಅವನ ಕೈ ನಡುಗಿತು. ಸಿಕ್ಕಿದ ಎಂದುಕೊಂಡೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಪೋಸ್ಟ್‌ಮ್ಯಾನಿನ ಕೈಯೂ ನಡುಗಿತು. ಎದುರು ಬೆಂಚಿನಲ್ಲಿದ್ದ ನಿವೃತ್ತ ಮೇಷ್ಟ್ರು, ನನಗೇ ಒಂಬತ್ತನೇ ಕ್ಲಾಸಿನಲ್ಲಿ ಲೆಕ್ಕ ಹೇಳಿಕೊಟ್ಟ ಪುಣ್ಯಾತ್ಮರು, ಸಾರನ್ನು ಅಂಗಿಯ ಮೇಲೆ ಚೆಲ್ಲಿಕೊಂಡರು. ಕಾಲೇಜಿನ ಹುಡುಗರು ನಾಲ್ಕು ಜನ ಬಂದರು, ನಾಲ್ಕು ಜನರದ್ದೂ ನಡುಗಿತು. ಒಬ್ಬನಿಗೆ ಬಿಕ್ಕಳಿಕೆ ಹತ್ತಿ, ಕೈ ಕೂಡ ತೊಳೆಯದೆ ಎದ್ದು ಹೋದ.

ಒಬ್ಬಿಬ್ಬರಲ್ಲ, ಊರಿಗೆ ಊರೇ ಸೇರಿ ನನಗೆ ಮಾಟ ಮಾಡಿಸಿದೆ! ಮೇಷ್ಟ್ರು ಸಹ! ನಾನು ಯಾರಿಗೆ ಏನು ಮಾಡಿದ್ದೆ? ಊಟ ಸೇರದಾಯಿತು. ರಾಜಣ್ಣ ಹಿಂದಿನಿಂದ ಬಂದರೆ ಬೆಚ್ಚಿಬೀಳುತ್ತಿದ್ದೆ. ಅವನು ಹಾಗೆ ಬೆಚ್ಚುವ ಮಾಲೀಕನನ್ನು ಕಂಡು ತಾನೂ ಬೆಚ್ಚುತ್ತಿದ್ದ. ವಾರ ಕಳೆಯುವುದರಲ್ಲಿ ಹೋಟೆಲಿನಲ್ಲಿ ಉಳಿದ ಮುಖಗಳು ಎರಡೇ. ರಾಕ್ಷಸನದು ಮತ್ತು ನನ್ನದು.

ಕೊನೆಗೆ ಮೂಲಕ್ಕೇ ಕೈ ಹಾಕಬೇಕು, ಹಲಗೂರಿನವನು ಏನು ಮಾಡುತ್ತಾನೆಂದು ಕಣ್ಣಾರೆ ನೋಡಬೇಕು ಎಂದು ನಿಶ್ಚಯಿಸಿದೆ. ಗುರುತು ಸಿಗದಂತೆ ತಲೆಗೆ ಟವೆಲು ಸುತ್ತಿ, ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಿ, ದಾರಿಯುದ್ದಕ್ಕೂ ಮನೆದೇವರನ್ನು ನೆನೆಯುತ್ತ ಹೋದೆ. ಹೋಟೆಲು ತುಂಬಿ ತುಳುಕುತ್ತಿತ್ತು. ಒಂದು ಮೂಲೆಯಲ್ಲಿ ಜಾಗ ಸಿಕ್ಕಿತು. ಮುದ್ದೆ ಬರುವವರೆಗೆ ಆ ಮಾಂತ್ರಿಕ ಮಾಲೀಕನನ್ನು ಹುಡುಕಿದೆ. ಆತ ಗಿರಾಕಿಗಳಿಗೆ ಬೆನ್ನು ಹಾಕಿ, ಸ್ಟೂಲಿನ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ. ಯಾರಾದರೂ ದುಡ್ಡು ಕೊಡಲು ಬಂದರೆ ಕೈ ಒರೆಸಿಕೊಂಡು ತಿರುಗುತ್ತಿದ್ದ, ಮತ್ತೆ ಬೆಳ್ಳುಳ್ಳಿ. ಯಾರ ಎಲೆಯಲ್ಲಿ ಏನಿದೆ ಎಂಬುದರ ಪರಿವೆಯೇ ಅವನಿಗಿರಲಿಲ್ಲ. ಇಂಥ ಬೇಜವಾಬ್ದಾರಿ ಮನುಷ್ಯನನ್ನು ನಾನು ನೋಡಿರಲಿಲ್ಲ. ಆಶ್ಚರ್ಯವೆಂದರೆ ಅಲ್ಲಿ ಯಾರ ಕೈಯೂ ನಡುಗುತ್ತಿರಲಿಲ್ಲ. ಯಾರೂ ಮುದ್ದೆಯ ಚೂರನ್ನು ಆಚೆಗಿಡುತ್ತಿರಲಿಲ್ಲ. ಜನ ತೇಗುತ್ತಿದ್ದರು, ನಗುತ್ತಿದ್ದರು, ಮೂಳೆ ಚೀಪುತ್ತಿದ್ದರು.

ನನ್ನ ಎಲೆಗೆ ಮುದ್ದೆ ಬಿತ್ತು. ಮುರಿದೆ. ಆಗ ನನ್ನ ಎದುರಿಗೆ ಒಬ್ಬ ದಪ್ಪ ಮೀಸೆಯವನು ಬಂದು ನಿಂತ. ಜಾಗಕ್ಕಾಗಿ ಕಾಯುತ್ತಿದ್ದ, ಪಾಪ. ಕಾಯುವವನು ಬೇರೆಲ್ಲಾದರೂ ನೋಡಬಹುದಿತ್ತು. ನನ್ನ ಎಲೆಯನ್ನೇ ನೋಡುತ್ತಿದ್ದ. ನಾನು ತುತ್ತು ಎತ್ತಿದರೆ ಅವನ ಕಣ್ಣೂ ಅದರ ಜೊತೆಗೆ ಬಾಯಿಯವರೆಗೆ ಬರುತ್ತಿತ್ತು. ಮುದ್ದೆ ಅಗಿಯುವ ವಸ್ತುವಲ್ಲ, ನುಂಗಬೇಕು. ಅದು ಎದೆಯ ಮಧ್ಯದಲ್ಲಿ ನಿಂತು ಮುಂದೆ ಹೋಗಲೊಲ್ಲದು. ಹಣೆಯಲ್ಲಿ ಬೆವರು. ಸಾರಿನ ರುಚಿಯೂ ತಿಳಿಯಲಿಲ್ಲ. ಯಾಕಾದರೂ ಬಂದೆನೋ, ಈ ಮನುಷ್ಯ ಯಾಕೆ ಹೀಗೆ ನೋಡುತ್ತಾನೋ, ತಿಂದದ್ದು ದಕ್ಕುತ್ತದೋ ಇಲ್ಲವೋ ಎಂದು ಜೀವ ಹಿಂಡಿತು. ನನ್ನ ಕೈ ನನ್ನನ್ನು ಕೇಳದೆ ಮುದ್ದೆಯ ಒಂದು ಚೂರನ್ನು ಕಿತ್ತು ಎಲೆಯ ಆಚೆಗೆ ಇಟ್ಟಿತು.

ಆ ಕೈ ನಡುಗುತ್ತಿತ್ತು.

ಪೂಜಾರಪ್ಪ ಹೇಳಿದಂತೆಯೇ ಆಯಿತು. ಮಾಟ ಮಾಡಿಸಿದವನು ಸಿಕ್ಕಿಬಿದ್ದ!

ಅದನ್ನು ಪೂರ್ತಿ ಅರ್ಥ ಮಾಡಿಕೊಳ್ಳುವ ಮೊದಲೇ ಬೆನ್ನ ಹಿಂದೆ ಪರಿಚಯದ ದನಿ ಕೇಳಿಸಿತು. ಟೆಂಪೋ ಪುಟ್ಟಸ್ವಾಮಿ. ಜೊತೆಗಾರನಿಗೆ ಹೇಳುತ್ತಿದ್ದ.

“ಸಾರು ಅಂದ್ರೆ ಆ ದೊಡ್ಡಿ ಓಟ್ಲುದು ಕಣ್ಲಾ. ಇದು ಅದರ ಕಾಲ್ದೂಳಿಗೂ ಬರಾಕಿಲ್ಲ.”

“ಮತ್ತೆ ಅಲ್ಲೇ ಉಣ್ಣದಲ್ವಾ? ಇಲ್ಲಿಗಂಟ ಯಾಕಲಾ ಹಸ್ಕಂಡು ಬಂದೆ?”

“ಅಲ್ಲೊಬ್ಬ ಮುದುಕ ಕುಂತವ್ನೆ. ಸಾಯೋ ಕೋಳಿನ ಹದ್ದು ನೋಡ್ದಂಗೆ ನೋಡ್ತಾನೆ. ಅವನ ಕಣ್ಣ ಮುಂದೆ ಉಂಡ್ರೆ ರಾತ್ರೆಲ್ಲ ಒಟ್ಟೆ ಇಡ್ಕತದೆ. ಆ ಯಮ್ಮನ ಕೈ ರುಚಿಗೆ ಇಂಥ ಗಂಡ.”

ಟವೆಲನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು, ಎಲೆ ಮಡಚಿ ಎದ್ದೆ. ಮೀಸೆಯವನು ಧನ್ಯವಾದ ಹೇಳಿ ಕೂತ.

ಮನೆಗೆ ಬಂದಾಗ ಜಯಮ್ಮ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ನಾನು ಹಲಗೂರಿಗೆ ಹೋಗಿದ್ದನ್ನು ಹೇಳಿದೆ, ಬ್ಯಾಂಕಿನ ಸುಳ್ಳನ್ನೂ ಒಪ್ಪಿಕೊಂಡೆ. ಆಮೇಲೆ, ಕೇಳಬಾರದು ಎಂದುಕೊಂಡರೂ ಕೇಳಿಯೇಬಿಟ್ಟೆ.

“ಆ ನಿಂಬೆಹಣ್ಣು ಇಟ್ಟಿದ್ಯಾರು?”

“ನಾನೇ.”

“ಯಾರ ಮೇಲೆ?”

“ಯಾರ ಮೇಲೂ ಅಲ್ಲ. ನಿಮ್ಮ ಕಣ್ಣು ಗಿರಾಕಿಗಳಿಗೆ ತಾಕ್ದಿರ್ಲಿ ಅಂತ. ದಿನಾ ನೀವು ಏಳದ್ಕೆ ಮುಂಚೆ ಇಟ್ಟು ತಗೀತಿದ್ದೆ. ಅವತ್ತು ನಲ್ಲೀಲಿ ಕುಡಿಯೋ ಸೀನೀರು ಬಂದಿತ್ತು, ಹಿಡಿಯಾಕೆ ಹೋಗಿ ಮರ್ತ್‌ಬುಟ್ಟೆ.”

ನನ್ನ ಹೆಂಡತಿಯೇ ನನ್ನಿಂದ ಊರನ್ನು ಕಾಪಾಡುತ್ತಿದ್ದಳು! ಸಿಟ್ಟು ಮಾಡಬೇಕೆಂದು ನೋಡಿದೆ, ಬರಲಿಲ್ಲ. ಮೊದಲೇ ಯಾಕೆ ಹೇಳಲಿಲ್ಲ ಎಂದೆ. ಪೇಪರ್ ಓದಿ ಅಂತ ಹೇಳಿದ್ದೆನಲ್ಲ ಎಂದಳು. ಜರಡಿ ಹಿಡಿಯುತ್ತಲೇ, ನನ್ನ ಕಡೆ ನೋಡದೆ ಮುಂದುವರಿಸಿದಳು.

“ಗಿರಾಕಿ ಮಾತಿರ್ಲಿ. ಮೊಮ್ಮಗಳು ನಿಮ್ಮೆದುರು ಉಣ್ಣಾಕಿಲ್ಲ, ತಟ್ಟೆ ಎತ್ಕಂಡು ಅಡುಗೆಮನೆಗೆ ಬತ್ತಾಳೆ. ಊರೋರ ಎಲೆಯೆಲ್ಲ ನೋಡ್ತೀರಲ್ಲ, ಅದ ನೋಡಿದ್ದೀರಾ? ನಾನು ನಿಮ್ಮೆದುರು ಕುಂತು ಒಂದು ತುತ್ತು ಉಂಡು ಎಷ್ಟು ವರ್ಸ ಆಯ್ತು, ಹೇಳಿ ನೋಡವ.”

ನಿಂಬೆಹಣ್ಣಿಗೆ ಹೆದರಿದ್ದು ಏನೂ ಅಲ್ಲ. ಆ ಪ್ರಶ್ನೆಗೆ ನಾನು ಹೆದರಿದಷ್ಟು ಯಾವುದಕ್ಕೂ ಹೆದರಿಲ್ಲ.

ತಿದ್ದಿಕೊಳ್ಳಲು ಹೊರಟೆ. ಆದರೆ ಕಣ್ಣಿಗೆ ಅಭ್ಯಾಸವಾಗಿಬಿಟ್ಟಿತ್ತು. ಪೊರೆ ಆಪರೇಷನ್ ಆದಾಗ ಕೊಟ್ಟಿದ್ದ ಕಪ್ಪು ಕನ್ನಡಕ ಹಾಕಿಕೊಂಡು ಗಲ್ಲಾದಲ್ಲಿ ಕೂತೆ. ಮೊದಲು ನಾನು ಯಾರನ್ನು ನೋಡುತ್ತಿದ್ದೇನೆಂದು ಜನರಿಗೆ ತಿಳಿಯುತ್ತಿತ್ತು, ಈಗ ಅದೂ ತಿಳಿಯದೆ ಎಲ್ಲರೂ ಒಟ್ಟಿಗೆ ನಡುಗಿದರು. ಹಲಗೂರಿನವನಂತೆ ಬೆನ್ನು ಹಾಕಿ ಕೂತೆ. ಕತ್ತು ತಾನಾಗಿ ತಿರುಗುತ್ತಿತ್ತು. ಮೂರನೆಯ ದಿನ ಕತ್ತು ಉಳುಕಿತು. ಆಗ ಜಯಮ್ಮ ರಾಕ್ಷಸನ ಮುಖವನ್ನು ಬಿಚ್ಚಿದಳು, ನನ್ನನ್ನೂ ಗಲ್ಲಾದಿಂದ ಎಬ್ಬಿಸಿದಳು. ತಾನೇ ಕೂತಳು. ಅಡುಗೆಗೆ ಅವಳ ತಂಗಿ ಬಂದಳು. ಸಾರು ಒಂದು ಚೂರು ಖಾರವಾಯಿತು. ಜನ ಮಾತ್ರ ಒಬ್ಬೊಬ್ಬರಾಗಿ ವಾಪಸು ಬಂದರು. ಮೇಷ್ಟ್ರು ಬಂದರು. ಪುಟ್ಟಸ್ವಾಮಿ ಬಾಗಿಲಲ್ಲಿ ನಿಂತು ಗಲ್ಲಾದ ಕಡೆ ಇಣುಕಿ, ಹಿಂದಿರುಗಿ ಹೋಗಿ ಟೆಂಪೋ ಆಫ್ ಮಾಡಿ ಒಳಗೆ ಬಂದ.

ನನಗೆ ಈಗ ಹೊರಗಿನ ಕೆಲಸ. ಬೆಳಗ್ಗೆ ಮಂಡ್ಯಕ್ಕೆ ಹೋಗಿ ಸೊಪ್ಪು, ತರಕಾರಿ ತರುತ್ತೇನೆ. ಮೊಮ್ಮಗಳು ಈಗ ನಡುಮನೆಯಲ್ಲೇ ಕೂತು ಉಣ್ಣುತ್ತಾಳೆ, ನನಗೆ ಅರ್ಧ ಬೆನ್ನು ಹಾಕಿ. ಅರ್ಧವಾದರೂ ಆಯಿತಲ್ಲ.

ಮೊನ್ನೆ ಮಂಡ್ಯದಿಂದ ಬಂದಾಗ ಬಹಳ ಹಸಿವಾಗಿತ್ತು. ಗಿರಾಕಿಯಂತೆ ನಮ್ಮ ಹೋಟೆಲಿನಲ್ಲೇ ಒಂದು ಮೂಲೆಯಲ್ಲಿ ಕೂತೆ. ಪಕ್ಕದಲ್ಲಿ ಕೊತ್ತತ್ತಿ ಕಡೆಯವರೊಬ್ಬರು, ಹೊಸಬರಂತೆ ಕಂಡರು, ನನ್ನನ್ನು ಗುರುತಿಸಲಿಲ್ಲ. ಊಟದ ಮಧ್ಯೆ ನನ್ನ ಕಡೆ ವಾಲಿ, ದನಿ ತಗ್ಗಿಸಿ ಕೇಳಿದರು.

“ಇಲ್ಲಿ ಗಲ್ಲಾದಲ್ಲಿ ಒಬ್ಬ ಮುದುಕ ಕೂರ್ತಿದ್ನಂತೆ, ಜನ ಯೋಳ್ತಿದ್ರು. ಈಗ ಇಲ್ವಾ?”

“ಇಲ್ಲ. ತೆಗೆದ್‌ಬುಟ್ರು,” ಅಂದೆ.

“ಒಳ್ಳೇ ಕೆಲ್ಸ ಮಾಡುದ್ರು ಬುಡಿ. ನೆಮ್ಮದಿಯಾಗಿ ಉಣ್ಬೋದು.”

ನಾನು ಹೌದೆಂದು ತಲೆಯಾಡಿಸಿ, ಇನ್ನೊಂದು ಮುದ್ದೆ ಹಾಕಿಸಿಕೊಂಡೆ.