ಬಾಳವ್ವ ತೆರೆದ ಸಾಲಿ

ತಪ್ಪು ಹಗ್ಗದ್ದು ಎಂದು ಕಲ್ಲೋಳಿಯ ಜನ ಎಷ್ಟು ಹೇಳಿದರೂ ಬಾಳವ್ವ ಕೇಳಲಿಲ್ಲ. ಪಂಚಮಿಯ ದಿನ ಮಗಳು ಶಿವವ್ವನನ್ನು ಜೋಕಾಲಿಯಲ್ಲಿ ಕೂರಿಸಿ ಮುಗಿಲು ಮುಟ್ಟುವಂತೆ ನೂಕಿದವಳು ತಾನೇ ಅಲ್ಲವೇ? ಹಗ್ಗ ಹರಿದು ಏಳು ವರ್ಷದ ಹುಡುಗಿ ಬಿದ್ದಳು, ಕಾಲು ಮುರಿಯಿತು. ಎಲುಬು ಕಟ್ಟುವವನು ಬಿದಿರಿನ ದಬ್ಬೆ ಬಿಗಿದು, ಎರಡು ತಿಂಗಳು ಸಾಲಿಯ ಹೆಸರೆತ್ತಬೇಡಿ ಎಂದ. ದಸರೆ ಮುಗಿದೊಡನೆ ಮಾಸ್ತರರ ಪರೀಕ್ಷೆ. ಅದು ತಪ್ಪಿದರೆ ಓರಗೆಯ ಹುಡುಗಿಯರೆಲ್ಲ ಎರಡನೇ ಇಯತ್ತೆಗೆ, ಶಿವವ್ವ ಒಬ್ಬಳೇ ಒಂದನೆಯದರಲ್ಲಿ.

"ಕಾಲಂತೂ ಮುರಿದೆ, ಇನ್ನ ತಲೀನೂ ಹಾಳ ಮಾಡಲೇನು?" ಎಂದು ಬಾಳವ್ವ ಸೆರಗು ಬಿಗಿದು ಅಡುಗೆಮನೆಯಲ್ಲೇ ವಿದ್ಯಾಪೀಠ ಸ್ಥಾಪಿಸಿದಳು. (ಕುಲಪತಿಯ ಓದು ಮೂರನೇ ಇಯತ್ತೆ, ಅದೂ ಅರ್ಧ, ಆ ಅರ್ಧದಲ್ಲಿ ಅರ್ಧ ಮರೆತಿತ್ತು.) ರೊಟ್ಟಿ ಬಡಿಯುತ್ತ ಮಗ್ಗಿ, ಬೇಳೆ ಹಸನು ಮಾಡುತ್ತ ಕಾಗುಣಿತ, ಜೋಳ ಅಳೆಯುತ್ತ ಎಣಿಕೆ. ಎರಡ ನಾಕ್ಲೆ ಎಷ್ಟು ಎಂದರೆ ಶಿವವ್ವ ಕಣ್ಣು ಪಿಳಿಪಿಳಿ ಬಿಟ್ಟು ಒಂಬತ್ತು ಎನ್ನುವಳು. ಬಾಳವ್ವ ರೇಗುವಳು. ಮರುಗಳಿಗೆಯೇ ದಬ್ಬೆ ಕಟ್ಟಿದ ಕಾಲು ಕಣ್ಣಿಗೆ ಬಿದ್ದು, ಎಂಥ ಪಾಪಿ ತಾಯಿ ನಾನು ಎಂದು ಗೊಳೋ ಎಂದು ಅಳುವಳು, ಮಗಳ ಬಾಯಿಗೆ ಏನಾದರೂ ಇಟ್ಟು ರಮಿಸುವಳು.

"ಎಲ್ಲಾ ಸಾಲ್ಯಾಗ ಹುಡುಗ್ರು ಅಳತಾವ. ನಿನ್ನ ಸಾಲ್ಯಾಗ ಮಾಸ್ತರನ ಅಳತಾನಲ್ಲ" ಎಂದು ಗಂಡ ಮುರಿಗೆಪ್ಪ ನಗುವನು.

ದಬ್ಬೆ ಬಿಚ್ಚಿದರು, ದಸರೆ ಮುಗಿಯಿತು, ಶೆಟ್ಟೆಪ್ಪ ಮಾಸ್ತರರು ಮನೆಗೇ ಬಂದರು. ಶಿವವ್ವ ಕಾಲು ಚಾಚಿ ಕಂಬಳಿಯ ಮೇಲೆ ಮಹಾರಾಣಿಯಂತೆ ಕೂತಿದ್ದಳು. ಮಾಸ್ತರರು ಬುಟ್ಟಿಯಿಂದ ಒಂದು ಹಿಡಿ ಜೋಳ ತೆಗೆದು ಅವಳ ಮುಂದೆ ಸುರಿದು, ಎಣಿಸು ಎಂದರು.

"ಲಾಭ, ಎರಡು, ಮೂರು..."

ಬಾಳವ್ವ ಹಣೆ ಹಣೆ ಬಡಿದುಕೊಂಡಳು. ರಾಶಿ ಅಳೆಯುವಾಗ ಮೊದಲ ಶೇರಿಗೆ ಯಾರೂ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಅಪ್ಪ ಅಜ್ಜರಿಂದ ಬಂದ ಪದ್ಧತಿ. ಅಯ್ಯೋ, ಜೋಳ ಅಳೆಯುತ್ತ ಎಣಿಕೆ ಕಲಿಸಲು ಹೋಗಿ ಒಂದು ಎಂಬ ಅಂಕಿಯನ್ನೇ ಮಗಳ ತಲೆಯಿಂದ ಅಳಿಸಿಬಿಟ್ಟೆನಲ್ಲ!

"ತಪ್ಪ ನಂದರಿ ಮಾಸ್ತರ. ಕೂಸಿನ್ನ ನಾಪಾಸ ಮಾಡಬ್ಯಾಡ್ರಿ, ಬೇಕಾರ ನನ್ನ ಮಾಡ್ರಿ" ಎಂದು ಆಕೆ ಕೈಮುಗಿದಳು.

ಶಿವವ್ವನಿಗೆ ಮಾತ್ರ ಏನು ಗಾಬರಿ ಎಂದೇ ತಿಳಿಯಲಿಲ್ಲ. "ಕಾಳಿಗೆ ಲಾಭ ಅನಬೇಕ್ರಿ. ಪಾಟಿ ಮ್ಯಾಲ ಒಂದು" ಎಂದು ಪಾಟಿಯ ಮೇಲೆ ಗುಂಡಗೆ ಒಂದು ಬರೆದಳು. ಆಮೇಲೆ ಇಪ್ಪತ್ತರ ತನಕ ಮಗ್ಗಿ ಹೊಡೆದಳು, ಉಸಿರು ಬಿಡದೆ. ಸಾಲಿಗೆ ಇರುವುದು ಒಂದೇ ಕೋಣೆ. ಪಕ್ಕದಲ್ಲೇ ಕೂತ ಮೇಲಿನ ಇಯತ್ತೆಯವರು ಒದರುವುದನ್ನು ಕೇಳಿ ಕೇಳಿ ಪಂಚಮಿಗೆ ಮೊದಲೇ ಬಾಯಿಪಾಠವಾಗಿತ್ತಂತೆ.

"ಮತ್ತ ನನ್ನ ಮುಂದ ಒಂಬತ್ತ ಯಾಕ ಅಂತಿದ್ದಿ?" ಬಾಳವ್ವ ಮಗಳ ಮುಂದೆ ಕುಕ್ಕರಿಸಿದಳು.

"ಬರೊಬ್ಬರಿ ಹೇಳಿದ್ರ ನೀ ಏನೂ ಕೊಡಂಗಿಲ್ಲ. ತಪ್ಪಿದ್ರ ಬೈತಿ, ಬೈದು ಅಳತಿ, ಅತ್ತ ಮ್ಯಾಲ ಶೇಂಗಾ ಉಂಡಿ ಕೊಡತಿ. ಅದರಾಗ ನನಗೆರಡು, ಅಪ್ಪಗೊಂದು."

ಮುರಿಗೆಪ್ಪ ತಟ್ಟನೆ ತಲೆ ಎತ್ತಿ ಮಾಳಿಗೆಯ ಜಂತಿ ಎಣಿಸತೊಡಗಿದ. ಬಾಳವ್ವ ಲಟ್ಟಣಿಗೆ ಹಿಡಿದು ಎದ್ದದ್ದೇ ತಡ, ಮಹಾರಾಣಿ ಕಂಬಳಿಯಿಂದ ಚಂಗನೆ ಜಿಗಿದು ಹೊಸ್ತಿಲು ದಾಟಿ ಓಣಿಯುದ್ದಕ್ಕೂ ಓಡಿದಳು. ಓಡಿದಳು! ಆ ಕಾಲನ್ನು ನೋಡುತ್ತ ನಿಂತ ಬಾಳವ್ವನ ಕೈಯಿಂದ ಲಟ್ಟಣಿಗೆ ಜಾರಿತು. ಎರಡು ತಿಂಗಳು ಹೊತ್ತಿದ್ದ ಪಾಪದ ಮೂಟೆಯೂ ಅದರ ಜೊತೆಗೇ ಬಿತ್ತೋ ಏನೋ, ಬಾಗಿಲಲ್ಲೇ ಕುಸಿದು ಕೂತು ಹೊಟ್ಟೆ ಹಿಡಿದು ನಗತೊಡಗಿದಳು.

ಎರಡನೇ ಇಯತ್ತೆ ಪಕ್ಕಾ ಎಂದು ಮಾಸ್ತರರು ತಲೆಗೆ ಸುತ್ತಿದ ಪಟಗಾ ಸರಿಮಾಡಿಕೊಂಡು ಎದ್ದರು.

ಮುರಿಗೆಪ್ಪನ ಮುಖ ಮಾತ್ರ ಸಪ್ಪಗಿತ್ತು. "ಹಂಗಾರ," ಎಂದ ಮೆಲ್ಲಗೆ, "ಇನ್ನ ಮ್ಯಾಲ ನೀ ಅಳೂದ ಇಲ್ಲೇನು?"