ಮಸ್ತಬದ ಮೇಲೆ ಚಳಿಜ್ವರ

ಮರಣಾನಂತರದ ಬಾಳಿಗಾಗಿ ಸಾಮಾನು ಕೂಡಿಡುವ ಏಕೈಕ ಪ್ರಾಣಿ ಮನುಷ್ಯ ಎಂದು ತಿಳಿದವರು ಹೇಳುತ್ತಾರೆ. ಆ ತಿಳಿದವರು ಗಲ್ಫಿನಲ್ಲಿ ಸಂಸಾರ ಮಾಡಿದವರಲ್ಲ. ಇಲ್ಲಿ ನಾವು ಕೂಡಿಡುವುದು ಮರಣಕ್ಕಲ್ಲ, ಊರಿಗೆ ಹೋಗುವ ರಜೆಗೆ.

ಮಿರ್ದಿಫ್‌ನಲ್ಲಿ ನಾನೂ ನನ್ನ ಹೆಂಡತಿ ಫ್ಲೋರಿನಳೂ ಇರುವ ಮನೆಯನ್ನು ಸ್ಟುಡಿಯೋ ಎನ್ನುತ್ತಾರೆ. ಒಂದೇ ಕೋಣೆ ಎಂಬುದಕ್ಕೆ ಅದು ಗೌರವದ ಹೆಸರು. ಅದರ ಮುಕ್ಕಾಲು ಪಾಲನ್ನು ಒಂದು ಪೆಟ್ಟಿಗೆ ಮಂಚ ಆಕ್ರಮಿಸಿದೆ. ಅತಿಥಿಗಳು ಬಂದರೆ ಅದೇ ಸೋಫಾ. ಮುಂಭಾಗದಲ್ಲಿ ಹಿತ್ತಾಳೆಯ ಹಿಡಿಗಳಿರುವ ಎರಡು ಡ್ರಾಯರುಗಳು ಕಾಣುತ್ತವೆ. ಅವು ತೆರೆಯುವುದಿಲ್ಲ, ಬಡಗಿ ಅಂದಕ್ಕೆಂದು ಬಡಿದದ್ದು. ನಿಜವಾದ ಬಾಯಿ ಇರುವುದು ಹಾಸಿಗೆಯ ಅಡಿಯಲ್ಲಿ. ಪ್ಲೈವುಡ್ ಹಲಗೆ ಎತ್ತಿದರೆ ಹಾಲಿನ ಪುಡಿ, ನೋವಿನ ಮುಲಾಮು, ಬಾದಾಮಿ, ಸಾಬೂನು, ಸೆಂಟು, ಇವೆಲ್ಲದರ ಮೇಲೆ ಹುಲಿಯ ಚಿತ್ರವಿರುವ ದಪ್ಪನೆಯ ನಾಲ್ಕು ಕಂಬಳಿಗಳು. ಫ್ಲೋರಿನ್ ಆಸ್ಪತ್ರೆಯಲ್ಲಿ ನರ್ಸ್. ರಕ್ತದ ಶೀಷೆಗೆ ಚೀಟಿ ಅಂಟಿಸುವ ಶ್ರದ್ಧೆಯಿಂದ ಪ್ರತಿಯೊಂದಕ್ಕೂ ಬಿಳಿ ಪ್ಲಾಸ್ಟರು ಅಂಟಿಸಿ, ಊರಿನ ಯಾವ ನೆಂಟರಿಗೆ ಯಾವುದು ಎಂದು ಹೆಸರು ಬರೆದಿದ್ದಾಳೆ. ನನ್ನ ಹೆಸರು ಯಾವುದರ ಮೇಲೂ ಇರಲಿಲ್ಲ. ನಾನು ಮುಚ್ಚಳದ ಮೇಲೆ ಮಲಗುವವನು.

ನನ್ನ ಆಫೀಸಿನ ಮಹಮೂದ್ ಈಜಿಪ್ಟಿನವರು. ಕ್ರಿಸ್ಮಸ್ಸಿಗೆ ನಮ್ಮ ಮನೆಯ ಹಬ್ಬದ ತಿಂಡಿ ಕುಸ್ವಾರ್ ತಿನ್ನಲು ಬಂದವರು ಮಂಚದ ಮೇಲೆ ಕುಳಿತರು. ಕಲ್‌ಕಲ್ ಬಾಯಿಗೆಸೆದುಕೊಳ್ಳುತ್ತ, ಸುಮ್ಮನೆ ಒಂದು ಡ್ರಾಯರು ಎಳೆದು ನೋಡಿದರು. ಅದು ಬರಲಿಲ್ಲ. ಒಳಗೇನಿದೆ ಎಂದು ಕೇಳಿದರು. ನಾನು ಹೇಳಿದೆ.

“ಯಾ ಸಲಾಂ! ಇದು ಮಸ್ತಬ!” ಎಂದು ಅವರು ಹಲಗೆ ಬಡಿದರು.

ಅವರ ಅಜ್ಜಿಯ ಹಳ್ಳಿಯಲ್ಲಿ ಮಸ್ತಬ ಎಂದರೆ ಮನೆಯ ಮುಂದಿನ ಮಣ್ಣಿನ ಕಟ್ಟೆ. ಸಂಜೆ ಕುಳಿತು ದಾರಿಹೋಕರನ್ನು ಆಡಿಕೊಳ್ಳುವ ಸ್ಥಳ. ಯುರೋಪಿನ ಪಂಡಿತರು ಬಂದು ಮರಳು ಅಗೆಸಿದಾಗ ಪಿರಮಿಡ್ಡುಗಳಿಗಿಂತ ಹಳೆಯ, ಚಪ್ಪಟೆ ತಲೆಯ ಗೋರಿಗಳು ಸಿಕ್ಕವಂತೆ. ಅಗೆಯುವ ಆಳುಗಳು ಕಂಡದ್ದನ್ನು ಕಂಡ ಹಾಗೆ ‘ಮಸ್ತಬ’ ಎಂದರು, ಪಂಡಿತರು ಬರೆದುಕೊಂಡರು. ಅಂದಿನಿಂದ ಇಂಗ್ಲಿಷ್, ಫ್ರೆಂಚ್, ಜರ್ಮನ್ ಪುಸ್ತಕಗಳಲ್ಲೆಲ್ಲ ಅಜ್ಜಿಯ ಕಟ್ಟೆ ಗೋರಿಯಾಗಿ ಕುಳಿತಿದೆ. ಅವರು ನಮ್ಮ ಬಜ್ಪೆಯಲ್ಲಿ ಅಗೆದಿದ್ದರೆ ಇಂದು ಪ್ಯಾರಿಸ್ಸಿನ ವಿದ್ವಾಂಸರು ಕನ್ನಡಕ ಸರಿಮಾಡಿಕೊಂಡು ‘ಕಟ್ಟೆ’ ಎನ್ನುತ್ತಿದ್ದರಲ್ಲ ಎಂದು ನನಗೆ ಹೊಟ್ಟೆಯುರಿಯಿತು. ಗೋರಿಗೆ ತೆರೆಯದ ಒಂದು ಸುಳ್ಳು ಬಾಗಿಲೂ ಇರುತ್ತದಂತೆ. ಒಳಗೆ ರೊಟ್ಟಿ, ಬಿಯರು, ಬಟ್ಟೆ, ಎಲ್ಲ ಪರಲೋಕಕ್ಕೆ.

“ಒಳಗಿಟ್ಟದ್ದನ್ನು ಬದುಕಿದವರು ಮುಟ್ಟುತ್ತಿದ್ದರಾ?” ಫ್ಲೋರಿನ್ ಕೇಳಿದಳು.

“ಮುಟ್ಟಿದವನಿಗೆ ಶಾಪ, ಮದಾಮ್.”

“ಕೇಳಿದಿರಲ್ಲ?” ಎಂದು ಅವಳು ನನ್ನ ಕಡೆ ತಿರುಗಿದಳು.

ಜನವರಿಯಲ್ಲಿ ನನಗೆ ಚಳಿಜ್ವರ ಬಂತು. ನಮ್ಮ ಕಟ್ಟಡದ ಎ.ಸಿ. ಯಾರ ಮಾತನ್ನೂ ಕೇಳುವಂಥದ್ದಲ್ಲ. ಹೊರಗೆ ಚಳಿಯಿದ್ದರೂ ತನ್ನ ಕರ್ತವ್ಯ ಬಿಡುವುದಿಲ್ಲ. ಸವೆದ ಬೆಡ್‌ಶೀಟಿನಡಿಯಲ್ಲಿ ಹಲ್ಲು ಕಟಕಟಿಸುತ್ತ, ಒಂದು ಕಂಬಳಿ ತರೋಣವೇ ಎಂದೆ.

“ಮನೆಯಲ್ಲಿ ನಾಲ್ಕು ಇರುವಾಗ ಐದನೆಯದು ಯಾಕೆ? ದುಂದು.”

“ಹಾಗಾದರೆ ಅದರಲ್ಲೇ ಒಂದು ಕೊಡು.”

“ಅದು ಊರಿಗೆ.”

“ಬಜ್ಪೆಯ ಸೆಕೆಯಲ್ಲಿ ನಿನ್ನ ತಮ್ಮ ರೋನಿ ಕಂಬಳಿ ಇಟ್ಟುಕೊಂಡು ಏನು ಮಾಡುತ್ತಾನೆ ಮಾರಾಯ್ತಿ?”

“ಕಪಾಟಿನಲ್ಲಿ ಇಡುತ್ತಾನೆ. ಅದು ಅವನಿಷ್ಟ. ನೀವು ಮಾತ್ರೆ ತೆಗೆದುಕೊಳ್ಳಿ.”

ಮರುದಿನ ಬೆಳಿಗ್ಗೆ ಅವಳು ಡ್ಯೂಟಿಗೆ ಹೊರಟಳು. ಲಿಫ್ಟು ಕೆಳಗಿಳಿದ ಸದ್ದು ಕೇಳಿದ್ದೇ ನಾನು ಎದ್ದು, ಹಾಸಿಗೆ ಸರಿಸಿ, ಹಲಗೆ ಎತ್ತಿದೆ. ಗೋರಿಗಳ್ಳರಿಗೂ ಜ್ವರವಿತ್ತೋ ಏನೋ, ಯಾರು ಕೇಳಿದ್ದಾರೆ? ಮೇಲಿದ್ದದ್ದೇ ರೋನಿಯ ಹುಲಿ. ಚೀಲದ ಜಿಪ್ಪು ಎಳೆದೆ. ಹಾಸಿಗೆ ಸರಿಮಾಡಿ, ಹುಲಿಯನ್ನು ಮೂಗಿನವರೆಗೆ ಹೊದ್ದೆ. ಅಂಥ ನಿದ್ದೆ ನಾನು ಈ ದೇಶಕ್ಕೆ ಬಂದ ಮೇಲೆ ಮಾಡಿಲ್ಲ.

ಬೆವರಿ ಎದ್ದಾಗ ಮಧ್ಯಾಹ್ನ ಎರಡೂವರೆ. ಅವಳು ಬರುವುದು ಮೂರಕ್ಕೆ. ಆಗ ನನಗೆ ಶಾಪದ ಸ್ವರೂಪ ತಿಳಿಯಿತು. ಹುಲಿ ಕಂಬಳಿ ಚೀಲದಿಂದ ಹೊರಗೆ ಬರುತ್ತದೆ, ಮತ್ತೆ ಒಳಗೆ ಹೋಗುವುದಿಲ್ಲ. ಮಡಚಿದೆ. ಸುತ್ತಿದೆ. ಮೇಲೆ ಕುಳಿತೆ. ಬಾಲ ಒಳಗೆ ಹೋದರೆ ಮುಖ ಹೊರಗೆ. ಮುಖವನ್ನು ತುರುಕಿದರೆ ಇನ್ನೊಂದು ಕಡೆಯ ಹೊಲಿಗೆ ಬಾಯಿಬಿಡುತ್ತದೆ. ಬೀಗ ತಿರುಗಿದಾಗ ನನ್ನ ಎರಡೂ ಮೊಣಕಾಲು ಹುಲಿಯ ಕೆನ್ನೆಯ ಮೇಲಿದ್ದವು.

ಫ್ಲೋರಿನ್ ಚಪ್ಪಲಿ ಬಿಚ್ಚುತ್ತ ನೋಡಿದಳು. “ಸತ್ತಿತಾ?”

“ಇನ್ನೂ ಇಲ್ಲ.”

ಅವಳು ಹತ್ತಿರ ಬಂದು ನನ್ನ ಹಣೆ ಮುಟ್ಟಿದಳು. “ಜ್ವರ ಬಿಟ್ಟಿದೆ,” ಎಂದಳು. ಆ ಸ್ವರದಲ್ಲಿ ಕೋಪವಿರಲಿಲ್ಲ. ನನಗೆ ಇನ್ನಷ್ಟು ನಾಚಿಕೆಯಾಯಿತು. “ಒಂದು ಮಾತು ಹೇಳಿದ್ದರೆ ನಾನೇ ತೆಗೆದುಕೊಡುತ್ತಿರಲಿಲ್ಲವಾ?”

“ಹೇಳಿದ್ದೆನಲ್ಲ!”

“ಗಟ್ಟಿಯಾಗಿ ಹೇಳಬೇಕಿತ್ತು. ಇರಲಿ. ಜ್ವರದವರು ಹೊದ್ದದ್ದನ್ನು ರೋನಿಗೆ ಹೇಗೆ ಕೊಡುವುದು? ಇದು ನಿಮಗೇ ಆಯಿತು.”

ರೋನಿಯ ಪ್ಲಾಸ್ಟರನ್ನು ಕಿತ್ತು, ಹೊಸದು ಅಂಟಿಸಿ, ದುಂಡಗಿನ ಅಕ್ಷರಗಳಲ್ಲಿ ನನ್ನ ಹೆಸರು ಬರೆದಳು. ನನ್ನ ಕಣ್ಣು ಮಂಜಾಯಿತು ಎಂದರೆ ಉತ್ಪ್ರೇಕ್ಷೆಯಲ್ಲ. ಆಮೇಲೆ ಹಟಮಾರಿ ರೋಗಿಯನ್ನು ಮಗ್ಗುಲು ತಿರುಗಿಸುವ ಒಂದೇ ಪಟ್ಟಿನಲ್ಲಿ ಹುಲಿಯನ್ನು ಚೀಲಕ್ಕಿಳಿಸಿ ಜಿಪ್ಪು ಎಳೆದಳು.

“ನನ್ನದು ಎಂದೆಯಲ್ಲ, ಫ್ಲೋರಿನ್?”

“ನಿಮ್ಮದೇ. ಕೆಲಸ ಬಿಟ್ಟು ಊರಲ್ಲಿ ಹೋಗಿ ಕೂತ ಮೇಲೆ ಹೊದೆಯಿರಿ. ಯಾರು ಬೇಡ ಎನ್ನುತ್ತಾರೆ? ಆ ಹಲಗೆ ಸ್ವಲ್ಪ ಎತ್ತಿ.”

ಎತ್ತಿದೆ. ಶನಿವಾರ ರೋನಿಗೆ ಹೊಸ ಕಂಬಳಿ ತಂದೆವು. ಈಗ ಮಂಚದೊಳಗೆ ಐದು ಕಂಬಳಿಗಳಿವೆ. ನಾನು ಬೆಡ್‌ಶೀಟು ಹೊದೆಯುತ್ತೇನೆ.