ಹನ್ನೆರಡನೆಯ ಜೀವ

ಪುಂಜಾಲಕಟ್ಟೆಯ ಏರಿನಲ್ಲಿದ್ದ ಒಂದು ಕಲ್ಲು ರಮಾನಾಥನ ಕಾರಿನ ಸೈಲೆನ್ಸರನ್ನು ಕಿತ್ತುಕೊಂಡದ್ದೇ ಎಲ್ಲಕ್ಕೂ ಮೂಲ. ಕಲ್ಲಿನದು ತಪ್ಪೆನ್ನುವ ಹಾಗಿಲ್ಲ. ಬಸ್ಸು, ಲಾರಿ, ಎತ್ತಿನ ಗಾಡಿ ಎಲ್ಲವೂ ಅದರ ಮೇಲೆಯೇ ದಾಟಿ ಹೋಗುತ್ತಿದ್ದವು. ರಮಾನಾಥನ ಕಾರು ಮಾತ್ರ ನೆಲಕ್ಕೆ ತೀರ ಹತ್ತಿರವಿತ್ತು. ಅದು ಮೊದಲು ಬೊಂಬಾಯಿಯ ಒಬ್ಬ ಶೋಕಿಯ ಹುಡುಗನದು. ಓಟದ ಕಾರುಗಳು ತಗ್ಗಾಗಿರುತ್ತವೆಂದು ಕೇಳಿ ಅವನು ಸ್ಪ್ರಿಂಗಿನ ಪಟ್ಟಿಗಳಲ್ಲಿ ಎರಡೆರಡನ್ನು ತೆಗೆಸಿಬಿಟ್ಟಿದ್ದ. ಬೊಂಬಾಯಿಯ ಡಾಂಬರು ರಸ್ತೆಯಲ್ಲಿ ಅದು ಚೆಂದ ಕಂಡಿರಬೇಕು. ಬೆಳ್ತಂಗಡಿ ರಸ್ತೆಯಲ್ಲಿ ಅದು ಹೊಟ್ಟೆ ಎಳೆದುಕೊಂಡು ಹೋಗುವ ಉಡದಂತೆ ಕಾಣುತ್ತಿತ್ತು.

ಮುರಿದ ಸೈಲೆನ್ಸರನ್ನು ಹಿಡಿದುಕೊಂಡು ರಮಾನಾಥ ಬಿ.ಸಿ.ರೋಡ್ ಪೇಟೆಯ ಶಂಭಣ್ಣನ ಹೋಟೆಲಿಗೆ ಬಂದ.

"ಸ್ಪ್ರಿಂಗಿನ ಪಟ್ಟಿ ಹೊಸದು ಹಾಕಿಸಬೇಕು" ಎಂದ.

"ಅದು ಮಂಗಳೂರಿನಿಂದ ಬರುವಾಗ ಏಪ್ರಿಲ್ ಆಗ್ತದೆ" ಎಂದ ಶಂಭಣ್ಣ. "ಚಕ್ರ ದೊಡ್ಡದು ಹಾಕಿಸಿ ಮಾರಾಯ್ರೆ. ಕಾಲು ಉದ್ದ ಆದ್ರೆ ಹೊಟ್ಟೆ ಮೇಲೆ ಹೋಗುದಿಲ್ವಾ?"

ಚಹಾ ಕುಡಿಯುತ್ತಿದ್ದ ನಾಲ್ವರೂ ಹೌದೆಂದರು. ರಮಾನಾಥನಿಗೂ ಸರಿ ಎನಿಸಿತು. ಯಾರು ಏನು ಹೇಳಿದರೂ ಅವನಿಗೆ ಸರಿ ಎನಿಸುತ್ತಿತ್ತು. ಅವನು ಜೀವವಿಮೆಯ ಏಜೆಂಟ್. ವಿಮೆ ಬೇಡವೆಂದವರ ಮಾತೂ ಅವನಿಗೆ ಸರಿ ಎನಿಸುತ್ತಿದ್ದುದರಿಂದ ಕಸಬು ಕಷ್ಟವಾಗಿತ್ತು. ವರ್ಷಕ್ಕೆ ಹನ್ನೆರಡು ಜೀವ ತರಬೇಕೆಂದು ನಿಯಮ. ಮಾರ್ಚ್ ಮೂವತ್ತೊಂದರೊಳಗೆ ಹನ್ನೆರಡು ಜನರ ವಿಮೆ ಆಗದಿದ್ದರೆ ಏಜೆನ್ಸಿ ರದ್ದು. ಅವನ ಕೈಯಲ್ಲಿ ಹನ್ನೊಂದು ಜೀವವಿತ್ತು. ಹನ್ನೆರಡನೆಯದು ಬೆಳ್ತಂಗಡಿಯಿಂದ ನಾಲ್ಕು ಮೈಲಿ ಒಳಗಿನ ಸುಬ್ಬಪ್ಪ ಗೌಡರದು. ಎರಡು ವರ್ಷ ಅವರ ಜಗಲಿಯಲ್ಲಿ ಕೂತು ಕೂತು ರಮಾನಾಥ ಕೊನೆಗೂ ಒಪ್ಪಿಗೆ ಪಡೆದಿದ್ದ. ಇನ್ನು ಡಾಕ್ಟರರ ಪರೀಕ್ಷೆಯೊಂದೇ ಬಾಕಿ.

ಮೆಕ್ಯಾನಿಕ್ ಅಬ್ದುಲ್ ರಹಿಮಾನ್ ಸೈಲೆನ್ಸರಿಗೆ ಬೆಸುಗೆ ಹಾಕಿ ಕೂರಿಸಿ, ಮೂಡುಬಿದಿರೆಯ ಗುಜರಿಯಿಂದ ಅಮೆರಿಕದ ಕಾರಿನ ನಾಲ್ಕು ಚಕ್ರ ತಂದ. ಚಕ್ರ ಎತ್ತರವೇನೋ ಇತ್ತು; ಆದರೆ ಅಗಲವೂ ಇತ್ತು. ಹಾಕಿ ನೋಡಿದರೆ ಒಳಗೆ ಸ್ಪ್ರಿಂಗಿಗೆ ತಾಗಿತು. ಹೊರಗೆ ತಳ್ಳಲೆಂದು ಲೇತಿನಲ್ಲಿ ನಾಲ್ಕು ದಪ್ಪ ಕಬ್ಬಿಣದ ಬಳೆ ಕಡೆಸಿ ಚಕ್ರಕ್ಕೂ ಅಚ್ಚಿಗೂ ನಡುವೆ ಹಾಕಿದ. ಈಗ ಚಕ್ರಗಳು ಮಡ್‌ಗಾರ್ಡಿನಿಂದ ಎರಡು ಬೆರಳು ಹೊರಗೆ ಬಂದವು. ಕಾರು ಸೊಂಟದ ಮೇಲೆ ಕೈಯಿಟ್ಟು ಜಗಳಕ್ಕೆ ನಿಂತವರ ಹಾಗೆ ಕಂಡಿತು.

"ಬಳೆ ಹಾಕಿದ ಮೇಲೆ ನಟ್ಟು ನಾಲ್ಕೇ ಸುತ್ತು ಹಿಡಿತದೆ, ರಮಾನಾಥಣ್ಣ."

"ನಾಲ್ಕು ಸುತ್ತು ಸಾಕಾ?"

"ಸಾಕಾಗುದಿಲ್ಲ. ಆದ್ರೆ ಅಷ್ಟೇ ಉಂಟು. ಮತ್ತೆ, ನೀವು ಒಬ್ಬರೇ ಹೋದ್ರೆ ಬೆಣ್ಣೆಯ ಹಾಗೆ ಹೋಗ್ತದೆ. ಜನ ಕೂತ್ರೆ ಮಡ್‌ಗಾರ್ಡ್ ಕೆಳಗೆ ಇಳಿದು ಟಯರಿಗೆ ಒರೆಸ್ತದೆ. ಸಪೂರದವರನ್ನು ನೋಡಿ ಹತ್ತಿಸಿ."

ಸುಬ್ಬಪ್ಪ ಗೌಡರು ಸಪೂರದವರಲ್ಲ. ಆದರೆ ದಿನ ಮಾರ್ಚ್ ಮೂವತ್ತು. ಬೆಳ್ತಂಗಡಿಯ ಡಾಕ್ಟರ್ ದಮಯಂತಿ ಒಂದು ಗಂಟೆಗೆ ಬಾಗಿಲು ಹಾಕಿ ನಾಲ್ಕು ದಿನ ಊರಿಗೆ ಹೋಗುವವರಿದ್ದರು. ರಮಾನಾಥ ಹೊರಟ. ಸ್ಟೇರಿಂಗು ಕಡೆಯುವ ಕಲ್ಲಿನಷ್ಟು ಭಾರವಾಗಿತ್ತು. ಆದರೂ ಪುಂಜಾಲಕಟ್ಟೆಯ ಕಲ್ಲನ್ನು ಕಾರು ಸದ್ದಿಲ್ಲದೆ ದಾಟಿತು. ಅವನು ತಿರುಗಿ ಕಲ್ಲನ್ನು ನೋಡಿ ಸ್ವಲ್ಪ ನಕ್ಕ.

ಗೌಡರು ಬಿಳಿ ಅಂಗಿ ಹಾಕಿ ಸಿದ್ಧವಾಗಿದ್ದರು. ಹೆಂಡತಿ ಸೇಸಮ್ಮನೂ ಸೀರೆ ಬದಲಿಸಿ ನಿಂತಿದ್ದರು.

"ಡಾಕ್ಟ್ರು ಅಂಗಿ ಬಿಚ್ಚಿಸಿ ನೋಡ್ತಾರಂತಲ್ಲ, ನಾನೂ ಬರ್ತೇನೆ" ಎಂದರು.

ನೆರೆಮನೆಯ ಜತ್ತಪ್ಪ ಯಾರೂ ಕರೆಯದೆ ಮುಂದಿನ ಸೀಟಿನಲ್ಲಿ ಕೂತ. ಅವನು ಆರು ತಿಂಗಳು ಬಸ್ ಕಂಡಕ್ಟರ್ ಆಗಿದ್ದವ. ಎಂಜಿನ್ ಇರುವ ಯಾವುದರ ಬಗ್ಗೆಯೂ ಮಾತಾಡುವ ಹಕ್ಕು ತನಗುಂಟೆಂದು ನಂಬಿದ್ದ.

ಗೌಡರು ಕೂತರು. ಕಾರಿನ ಹಿಂಭಾಗ ಕಾವಿಗೆ ಕೂತ ಹೇಂಟೆಯ ಹಾಗೆ ಚಕ್ರದ ಮೇಲೆ ಇಳಿಯಿತು. ಹೊರಟು ಹತ್ತು ಮಾರು ಹೋಗುವಷ್ಟರಲ್ಲಿ ಕರ್ರ್ ಎಂದಿತು.

"ಎಂಥದು ಅದು?" ಎಂದರು ಗೌಡರು.

"ಹೊಸ ಚಕ್ರ. ಹೊಂದಿಕೊಳ್ಳಬೇಕು" ಎಂದ ರಮಾನಾಥ.

ಮೊದಲ ತಿರುವಿನಲ್ಲಿ ಟಯರು ಸುಟ್ಟ ವಾಸನೆ ಬಂತು. ಜತ್ತಪ್ಪ ತಲೆ ಹೊರಗೆ ಹಾಕಿ ನೋಡಿ ತೀರ್ಪು ಕೊಟ್ಟ: "ಕಾರು ಎಡಕ್ಕೆ ತಿರುಗಿದರೆ ಬಲದ ಚಕ್ರಕ್ಕೆ ತಾಗ್ತದೆ. ಬಲಕ್ಕೆ ತಿರುಗಿದರೆ ಎಡದ್ದಕ್ಕೆ. ಅಂದ್ರೆ ಕಾರು ಎಡಕ್ಕೆ ಹೋಗುವಾಗ ನಾವು ಎಡಕ್ಕೆ ವಾಲಬೇಕು. ನಾನು ಹೇಳ್ತೇನೆ, ನೀವು ವಾಲಿ."

ರಮಾನಾಥನಿಗೆ ಇದೂ ಸರಿ ಎನಿಸಿತು. ಜತ್ತಪ್ಪ "ಎಡಕ್ಕೆ!" ಎಂದಾಗ ಗೌಡರು ಬಾಗಿಲ ಕಡೆ ವಾಲಿದರು, ಸೇಸಮ್ಮ ಗೌಡರ ಕಡೆ ವಾಲಿದರು. "ಬಲಕ್ಕೆ!" ಎಂದಾಗ ಗೌಡರ ಭಾರವೆಲ್ಲ ಸೇಸಮ್ಮನ ಮೇಲೆ ಬಂತು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅವರಿಬ್ಬರು ನಾಲ್ಕು ಜನರೆದುರು ಇಷ್ಟು ಹತ್ತಿರ ಕೂತದ್ದಿರಲಿಲ್ಲ. ದಾರಿಯ ಹೆಂಗಸರು ಕೊಡ ಇಳಿಸಿ ನೋಡಿದರು. ನಾಲ್ಕನೆಯ ತಿರುವಿಗೆ ಜತ್ತಪ್ಪನಿಗೇ ಎಡ ಬಲ ಕಲೆಸಿಹೋಯಿತು. "ಬಲಕ್ಕೆ! ಅಲ್ಲ, ಎಡಕ್ಕೆ! ಹಾಗೇ ಇರಿ!" ಎಂದು ಕೂಗಿದ. ಗಾಬರಿಯಲ್ಲಿ ರಮಾನಾಥನೂ ವಾಲಿದ. ಕಾರು ಚರಂಡಿಯ ಅಂಚಿನವರೆಗೆ ಹೋಗಿ ನಿಂತಿತು.

"ಏಜೆಂಟ್ರೇ," ಎಂದರು ಸೇಸಮ್ಮ, ಕಿಟಕಿಯಿಂದ ಹಿಂದೆ ನೋಡುತ್ತ. "ನಿಮ್ಮ ಕಾರಿನದ್ದು ಎಂಥದೋ ರಸ್ತೆಯಲ್ಲಿ ಬಿದ್ದು ಹೊರಳಿಕೊಂಡು ಹೋಯಿತು. ಒಂದಲ್ಲ, ಎರಡು."

ಬಿದ್ದದ್ದು ಚಕ್ರದ ನಟ್ಟುಗಳು. ಮೂವರು ಸೇರಿ ಹುಡುಕಿದರೂ ಒಂದೇ ಸಿಕ್ಕಿತು. ಅದನ್ನು ಹಾಕಿ, ಜತ್ತಪ್ಪನ ಸಲಹೆಯಂತೆ ಬೇರೆ ಚಕ್ರದಿಂದ ಇನ್ನೊಂದು ಬಿಚ್ಚಿ ಕೊಟ್ಟದ್ದಾಯಿತು. ಈಗ ಎಲ್ಲಿ ಕಡಿಮೆಯಾಯಿತೆಂದು ರಮಾನಾಥನಿಗೆ ತಿಳಿಯಲಿಲ್ಲ. ಗೌಡರು ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ, ಊರಿನ ದೈವಗಳನ್ನು ಒಂದೊಂದಾಗಿ ನೆನೆಯುತ್ತ ಉಳಿದ ದಾರಿ ಮುಗಿಸಿದರು.

ಡಾಕ್ಟರರಲ್ಲಿಗೆ ತಲುಪುವಾಗ ಹನ್ನೆರಡೂಮುಕ್ಕಾಲು. ಗೌಡರ ತೋಳಿಗೆ ಪಟ್ಟಿ ಸುತ್ತಿದಾಗ ರಮಾನಾಥ ಉಸಿರು ಹಿಡಿದ. ಈ ಪ್ರಯಾಣದ ಮೇಲೆ ರಕ್ತದೊತ್ತಡ ಎಲ್ಲಿಗೆ ಏರಿರುತ್ತದೋ!

"ನೂರ ಮೂವತ್ತು, ಎಂಬತ್ತು" ಎಂದರು ಡಾಕ್ಟರ್ ದಮಯಂತಿ. "ಗೌಡ್ರೇ, ನಿಮ್ಮದು ಹುಡುಗರ ಹೃದಯ."

ರಮಾನಾಥನ ಕಣ್ಣು ತುಂಬಿ ಬಂತು. ಹನ್ನೆರಡನೆಯ ಜೀವ ಮೇಜಿನ ಮೇಲೆ ಕೈಗೆಟಕುವಷ್ಟು ಹತ್ತಿರವಿತ್ತು. ಡಾಕ್ಟರರು ಇಂಗ್ಲಿಷ್ ಫಾರಮಿನ ಪ್ರಶ್ನೆಗಳನ್ನು ಕನ್ನಡದಲ್ಲಿ ಹೇಳುತ್ತ ಬೇಗ ಬೇಗ ತುಂಬಿಸಿದರು. ಕ್ಷಯ ಇಲ್ಲ. ಸಕ್ಕರೆ ಕಾಯಿಲೆ ಇಲ್ಲ. ಎಲೆ ಅಡಿಕೆ ಉಂಟು.

"ಪ್ರಾಣಕ್ಕೆ ಅಪಾಯ ಇರುವ ಕೆಲಸ, ಪ್ರಯಾಣ ಏನಾದರೂ ಮಾಡ್ತಿದ್ದೀರಾ? ಮುಂದೆ ಮಾಡುವ ಉದ್ದೇಶ ಉಂಟಾ? ವಿಮಾನ ಹಾರಿಸುದು, ಗಣಿಗೆ ಇಳಿಯುದು, ಅಂಥದ್ದು. ಇಲ್ಲ ಅಂತ ಬರೆಯುವ, ಅಲ್ವಾ?"

"ಸ್ವಲ್ಪ ನಿಲ್ಲಿ, ಡಾಕ್ಟ್ರಮ್ಮ" ಎಂದರು ಗೌಡರು. "ಇದರ ಅಡಿಯಲ್ಲಿ ನಾನು ಸಹಿ ಹಾಕ್ಲಿಕ್ಕುಂಟಲ್ಲ?"

"ಹೌದು. ಬರೆದದ್ದೆಲ್ಲ ಸತ್ಯ ಅಂತ."

"ಸುಳ್ಳು ಅಂತ ಗೊತ್ತಾದ್ರೆ?"

"ಪಾಲಿಸಿ ರದ್ದು. ಮನೆಯವರಿಗೆ ಏನೂ ಸಿಗುದಿಲ್ಲ."

ಗೌಡರು ಸೇಸಮ್ಮನನ್ನು ನೋಡಿದರು. ಸೇಸಮ್ಮ ನೆಲ ನೋಡಿದರು.

"ಹಾಗಾದ್ರೆ ಉಂಟು ಅಂತ ಬರೆಯಿರಿ. ನಾವು ಈಗ ಇವರ ಕಾರಿನಲ್ಲೇ ಮನೆಗೆ ಹಿಂದೆ ಹೋಗ್ಲಿಕ್ಕುಂಟು."

ರಮಾನಾಥ ಕುರ್ಚಿಯಿಂದ ಎದ್ದ. "ಗೌಡ್ರೇ, ಬೇಡ! ನೀವು ಬಸ್ಸಿನಲ್ಲಿ ಹೋಗಿ! ನಾನೇ ಹತ್ತಿಸ್ತೇನೆ, ಸೀಟು ಹಿಡಿದು ಕೊಡ್ತೇನೆ!"

"ಛೆ, ಛೆ" ಎಂದರು ಗೌಡರು, ಮನಸ್ಸಿಗೆ ನೋವಾದವರಂತೆ. "ಇಷ್ಟು ಪ್ರೀತಿಯಿಂದ ಮನೆ ಬಾಗಿಲಿಗೆ ಬಂದು ಕರಕೊಂಡು ಬಂದಿದ್ದೀರಿ. ನಿಮ್ಮನ್ನು ಬಿಟ್ಟು ನಾವು ಬಸ್ಸಿಗೆ ಹೋಗುದಾ? ಊರಿನವರು ಏನು ಹೇಳಿಯಾರು? ಅಷ್ಟು ಮರ್ಯಾದೆ ಇಲ್ಲದವ ಅಲ್ಲ ನಾನು. ಜೀವ ಹೋದ್ರೂ ನಿಮ್ಮ ಕಾರಿನಲ್ಲೇ."

"ನಾನೂ ಅದರಲ್ಲೇ" ಎಂದ ಜತ್ತಪ್ಪ ಬಾಗಿಲಲ್ಲಿ ನಿಂತು. "ಎಡ ಬಲ ಹೇಳ್ಲಿಕ್ಕೆ ಜನ ಬೇಕಲ್ಲ."

ಡಾಕ್ಟರ್ ದಮಯಂತಿ ಎದ್ದು ಕಿಟಕಿಯಿಂದ ಕಾರನ್ನು, ಚಕ್ರದ ಹಿಂದೆ ಇಣುಕುವ ಕಬ್ಬಿಣದ ಬಳೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬಂದು ಕೂತು 'ಉಂಟು' ಎಂದು ಬರೆದರು.

"ಹೀಗೆ ಬರೆದ ಫಾರಮು ದೊಡ್ಡ ಆಫೀಸಿಗೆ ಹೋಗಿ ಬರಬೇಕು. ಒಂದು ತಿಂಗಳು ಹಿಡಿತದೆ" ಎಂದರು. "ಅಪಾಯದ ವಿವರ ಬರೆಯಿರಿ ಅಂತ ನಾಲ್ಕು ಗೆರೆ ಬಿಟ್ಟಿದ್ದಾರೆ. ಅದು ನನಗೆ ಗೊತ್ತಾಗುದಿಲ್ಲ, ನೀವೇ ಹೇಳಿ ರಮಾನಾಥರೇ. ಚಕ್ರಕ್ಕೆ ಹಾಕಿದ ಆ ಬಳೆ ಎಷ್ಟು ದಪ್ಪ? ಒಂದೂವರೆ ಇಂಚು ಅಂತ ಹಾಕ್ಲಾ?"

ಗೌಡರು ಸತ್ಯವೇ ಹೇಳಿದ್ದರು. ಡಾಕ್ಟರರು ಬರೆದದ್ದೂ ಸರಿಯಾಗಿತ್ತು. ಎಷ್ಟು ಯೋಚಿಸಿದರೂ ಯಾರದು ತಪ್ಪೆಂದು ರಮಾನಾಥನಿಗೆ ಹೊಳೆಯಲಿಲ್ಲ.

"ಒಂದೂಕಾಲು" ಎಂದು ತಿದ್ದಿದ.